ಕೇಳಿ ನೋಡೋಣ: ಮಂಡಕ್ಕಿ ಭಟ್ಟಿಯಲ್ಲಿ ಫಿಸಿಕ್ಸ್ ಎಷ್ಟು, ಕೆಮಿಸ್ಟ್ರಿ ಎಷ್ಟು?

ಕಳೆದ ತಿಂಗಳು ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. "ರಸಾಯನಶಾಸ್ತ್ರ ಭೌತಶಾಸ್ತ್ರದ ಜಾಗದಲ್ಲಿ ಮನೆ ಕಟ್ಟಿರಬಹುದು, ಆದರೆ ಮನೆ ಅದರದ್ದೇ" ಅಂತ. ಸುಮ್ನೆ ತಮಾಷೆಗೆ ಬರೆದದ್ದು. ಅದಕ್ಕೆ ಬಂದ ಪತ್ರಗಳನ್ನು ನೋಡಿ ಸಂಪಾದಕರು ಫೋನ್ ಮಾಡಿದರು. "ಮೇಷ್ಟ್ರೇ, ಈ ಸಲ ಬೇರೆ ಪ್ರಶ್ನೆ ಬೇಡ. ನೀವೇ ಹಚ್ಚಿದ ಬೆಂಕಿ, ನೀವೇ ಆರಿಸಿ" ಅಂದರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವನು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಫಿಸಿಕ್ಸ್ ಮೇಷ್ಟ್ರದ್ದು. ದಿನಾ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದು ಕೂತ ಕೂಡಲೇ ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟು, "ಏನ್ರಿ, ಇವತ್ತು ಏನು ಅಡುಗೆ?" ಅನ್ನುತ್ತಿದ್ದರು. ಅಡುಗೆ ಅಂದರೆ ನನ್ನ ಲ್ಯಾಬ್. ಹಾಗಾಗಿ ಈ ಜಗಳ ನನಗೆ ಹೊಸದಲ್ಲ.

"ಕೆಮಿಸ್ಟ್ರಿ ಅಂದರೆ ಎಲೆಕ್ಟ್ರಾನ್‌ಗಳ ಫಿಸಿಕ್ಸ್, ಅದು ಬೇರೆ ವಿಷಯವೇ ಅಲ್ಲ ಅಂತ ನಮ್ಮ ಫಿಸಿಕ್ಸ್ ಸರ್ ಹೇಳುತ್ತಾರೆ. ಹಾಗಿದ್ದರೆ ನಾವು ಎರಡೆರಡು ಪುಸ್ತಕ ಯಾಕೆ ಓದಬೇಕು?"
– ಪಿಯುಸಿ ವಿದ್ಯಾರ್ಥಿನಿ, ಹರಿಹರ

ಮಗೂ, ನಿಮ್ಮ ಸರ್ ಹೇಳಿದ್ದನ್ನು ಅವರಿಗಿಂತ ಜೋರಾಗಿ ಹೇಳಿದವರು ಒಬ್ಬರಿದ್ದಾರೆ. ಬ್ರಿಟಿಷ್ ಭೌತವಿಜ್ಞಾನಿ ಪಾಲ್ ಡಿರಾಕ್. 1929ರಲ್ಲಿ, ಇಪ್ಪತ್ತಾರನೇ ವಯಸ್ಸಿನಲ್ಲಿ, ಒಂದು ಪ್ರಬಂಧದ ಶುರುವಿನಲ್ಲೇ ಬರೆದುಬಿಟ್ಟರು. ಭೌತಶಾಸ್ತ್ರದ ಬಹುಪಾಲಿಗೆ ಮತ್ತು ರಸಾಯನಶಾಸ್ತ್ರದ ಪೂರ್ತಿಗೆ ಬೇಕಾದ ಮೂಲ ನಿಯಮಗಳು ಈಗ ಗೊತ್ತಾಗಿವೆ, ಆ ಸಮೀಕರಣಗಳನ್ನು ಬಿಡಿಸುವುದು ಮಾತ್ರ ಕೈಗೆ ಮೀರಿದ ಕೆಲಸ ಅಂತ ಅದರ ತಾತ್ಪರ್ಯ. ಅವರ ವಿಷಯಕ್ಕೆ "ಬಹುಪಾಲು", ನಮ್ಮದಕ್ಕೆ "ಪೂರ್ತಿ"! ನಮ್ಮ ಫಿಸಿಕ್ಸ್ ಮೇಷ್ಟ್ರು ಈ ಮಾತನ್ನು ಕನ್ನಡದಲ್ಲಿ ಬರೆದು ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದರು. ಚಾಕ್‌ಪೀಸ್ ತೆಗೆಯೋಕೆ ನಾನು ಬಾಗಿಲು ತೆರೆದಾಗೆಲ್ಲ ಕಣ್ಣಿಗೆ ಬೀಳಲಿ ಅಂತ.

ಡಿರಾಕ್ ಹೇಳಿದ್ದು ಸುಳ್ಳಲ್ಲ. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂತು, ಎಲೆಕ್ಟ್ರಾನಿನಂಥ ಸಣ್ಣ ಕಣಗಳ ಕ್ವಾಂಟಂ ಲೆಕ್ಕ ಹಾಕುವಂಥದ್ದು. ಮರುವರ್ಷವೇ ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ಅದನ್ನು ಹಿಡಿದು, ಎರಡು ಹೈಡ್ರೋಜನ್ ಪರಮಾಣು ಯಾಕೆ ಅಂಟಿಕೊಳ್ಳುತ್ತವೆ ಅಂತ ತೋರಿಸಿದರು. ಅಂಟಿಕೊಳ್ಳುತ್ತವೆ ಅಂತ ನಮ್ಮವರಿಗೆ ಮೊದಲೇ ಗೊತ್ತಿತ್ತು. ಯಾಕೆ ಅಂತ ಕೇಳಿದರೆ ಗಟ್ಟಿಯಾದ ಉತ್ತರ ಇರಲಿಲ್ಲ. ಆ ಋಣ ಒಪ್ಪಿಕೊಳ್ಳಬೇಕು. ರಾಸಾಯನಿಕ ಕ್ರಿಯೆಯೊಳಗೆ ಭೌತಶಾಸ್ತ್ರಕ್ಕೆ ಗೊತ್ತಿಲ್ಲದ ಯಾವುದೋ ಗುಟ್ಟಿನ ಶಕ್ತಿ ಇದೆ ಅಂತ ನಾನಂತೂ ಹೇಳಲ್ಲ.

ಈಗ ನಿನ್ನ ಪುಸ್ತಕದ ಆವರ್ತಕ ಕೋಷ್ಟಕ ತೆಗೆ. ರಷ್ಯಾದ ರಸಾಯನವಿಜ್ಞಾನಿ ಮೆಂಡಲೀವ್ ಅದನ್ನು ಪ್ರಕಟಿಸಿದ್ದು 1869ರಲ್ಲಿ. ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ. ನಡುವೆ ಇಪ್ಪತ್ತೆಂಟು ವರ್ಷ. ಎಲೆಕ್ಟ್ರಾನ್ ಎಂಬುದೊಂದು ಇದೆ ಅಂತಲೇ ಗೊತ್ತಿಲ್ಲದ ಮನುಷ್ಯ 63 ಧಾತುಗಳನ್ನು ಸಾಲಾಗಿ ಕೂರಿಸಿದರು. ನಡುವೆ ಖಾಲಿ ಜಾಗ ಬಿಟ್ಟರು. ಇಲ್ಲಿ ಬರಬೇಕಾದವರು ಇನ್ನೂ ಬಂದಿಲ್ಲ ಅಂದರು. 1875ರಲ್ಲಿ ಫ್ರಾನ್ಸಿನ ಬ್ವಾಬೊದ್ರಾನ್ ಅವರಿಗೆ ಗ್ಯಾಲಿಯಂ ಸಿಕ್ಕಿತು. ಅವರು ಅಳೆದ ಸಾಂದ್ರತೆ 4.7. ಮೆಂಡಲೀವ್ ಆ ಲೋಹವನ್ನು ಕಣ್ಣಿಂದಲೂ ನೋಡಿರಲಿಲ್ಲ. ಆದರೂ ಕಾಗದ ಬರೆದರು, ನಿಮ್ಮ ಅಳತೆ ತಪ್ಪಿದೆ, 5.9ರ ಸುತ್ತಮುತ್ತ ಇರಬೇಕು ಅಂತ. ಬ್ವಾಬೊದ್ರಾನ್ ಇನ್ನಷ್ಟು ಶುದ್ಧ ಮಾಡಿ ಮತ್ತೆ ಅಳೆದರು. 5.9 ಬಂತು! ಈ ಕತೆಯನ್ನು ಕ್ಲಾಸಿನಲ್ಲಿ ಹೇಳುವಾಗ ಪ್ರತಿ ವರ್ಷವೂ ನನ್ನ ಮೈ ಜುಮ್ ಅನ್ನುತ್ತಿತ್ತು. ಮಕ್ಕಳು ಆಕಳಿಸುತ್ತಿದ್ದರು, ಅದು ಬೇರೆ ಮಾತು.

"ನೀವು ಕಂಡುಹಿಡಿದಿರಿ, ಯಾಕೆ ಅಂತ ನಾವು ಹೇಳಿದೆವು. ಅಲ್ಲಿಗೆ ಲೆಕ್ಕ ಚುಕ್ತಾ" ಅನ್ನುತ್ತಿದ್ದರು ನಮ್ಮ ಫಿಸಿಕ್ಸ್ ಮೇಷ್ಟ್ರು. ಪೂರ್ತಿ ಚುಕ್ತಾ ಆಗಿಲ್ಲ. ಒಂದೊಂದು ಕವಚದಲ್ಲಿ 2, 8, 18, 32 ಎಲೆಕ್ಟ್ರಾನ್ ಹಿಡಿಸುತ್ತವೆ ಅನ್ನುವುದು ಕ್ವಾಂಟಂ ಲೆಕ್ಕದಿಂದ ಸೊಗಸಾಗಿ ಬರುತ್ತದೆ. ಆದರೆ ಕೋಷ್ಟಕದ ಸಾಲುಗಳನ್ನು ಎಣಿಸಿ ನೋಡು. 2, 8, 8, 18, 18, 32, 32. ಎರಡೆರಡು ಸಲ ಯಾಕೆ? ಕವಚದೊಳಗಿನ ಒಳಮನೆಗಳಲ್ಲಿ 3ಡಿ ತುಂಬುವ ಮೊದಲು 4ಎಸ್ ತುಂಬುತ್ತದೆ ಅಂತ ನೀನು ಬಾಯಿಪಾಠ ಮಾಡಿದ್ದೀಯಲ್ಲ, ಅದಕ್ಕೆ. ಆ ಕ್ರಮವನ್ನು ನಾವು ಮೊದಲು ಕಲಿತದ್ದು ಧಾತುಗಳ ನಡತೆ ನೋಡಿ, ಅವುಗಳ ಬೆಳಕಿನ ಗೆರೆ ನೋಡಿ. ಒಂದೊಂದು ಪರಮಾಣುವಿಗೆ ಪ್ರತ್ಯೇಕವಾಗಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಸರಿಯಾದ ಉತ್ತರ ಬರುತ್ತದೆ, ನಿಜ. ಆದರೆ ಆ ಸರಳ ನಿಯಮವನ್ನೇ ಮೂಲ ಸಮೀಕರಣದಿಂದ ಇಳಿಸಿಕೊಡಿ ಅಂದರೆ, ಎಲ್ಲರೂ ಒಪ್ಪುವ ದಾರಿ ಇನ್ನೂ ಸಿಕ್ಕಿಲ್ಲ. ಕ್ರೋಮಿಯಂ, ತಾಮ್ರ ಬೇರೆ ಆ ಕ್ರಮ ಮುರಿದು ತಂಟೆ ಮಾಡುತ್ತವೆ. ಪರೀಕ್ಷೆಯಲ್ಲಿ ಅವೆರಡೇ ಬರುತ್ತವೆ ಅಂತ ನಿನಗೂ ಗೊತ್ತು!

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದಿದೆ. ಸಿ2ಎಚ್6ಒ. ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ಒಟ್ಟು 26 ಎಲೆಕ್ಟ್ರಾನ್. ಇದು ಯಾವ ವಸ್ತು ಹೇಳು ನೋಡೋಣ. ಎಥನಾಲ್ ಇರಬಹುದು. ಕಬ್ಬಿನ ಕಾಕಂಬಿಯಿಂದ ತೆಗೆದು ಈಗ ಪೆಟ್ರೋಲಿಗೆ ಬೆರೆಸುವ ದ್ರವ, 78 ಡಿಗ್ರಿಗೆ ಕುದಿಯುತ್ತದೆ. ಡೈಮೀಥೈಲ್ ಈಥರ್ ಕೂಡ ಇರಬಹುದು. ಅದು ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದು ಅನಿಲ ಆಗಿಬಿಡುತ್ತದೆ. ಕಣಗಳ ಲೆಕ್ಕ ಎರಡಕ್ಕೂ ಒಂದೇ. ಬರೀ ಈ ಕಣಗಳು, ಇವುಗಳ ತೂಕ, ಇವುಗಳ ವಿದ್ಯುದಂಶ ಅಷ್ಟನ್ನೇ ಹಾಕಿ ಸಮೀಕರಣ ಬರೆದರೆ ಎರಡಕ್ಕೂ ಬರುವುದು ಅಕ್ಷರಶಃ ಅದೇ ಸಮೀಕರಣ. ಇದು ಎಥನಾಲ್, ಅದು ಈಥರ್ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಮತ್ತೆ ಅಣುವಿನ ಆಕಾರ ಎಲ್ಲಿಂದ ಬಂತು? ಲೆಕ್ಕ ಹಾಕುವವರು ಒಂದು ಉಪಾಯ ಮಾಡುತ್ತಾರೆ. ಎಲೆಕ್ಟ್ರಾನ್ ಹಗುರ, ಓಡಾಡುತ್ತಿರುತ್ತದೆ. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಭಾರ, ಸಾವಿರಾರು ಪಟ್ಟು. ಹಾಗಾಗಿ ನ್ಯೂಕ್ಲಿಯಸ್‌ಗಳನ್ನು ಒಂದೊಂದು ಕಡೆ ನಿಲ್ಲಿಸಿ, ಎಲೆಕ್ಟ್ರಾನ್‌ಗಳ ಲೆಕ್ಕ ಮಾತ್ರ ಹಾಕುತ್ತಾರೆ. ಇದು 1927ರಲ್ಲಿ ಬೋರ್ನ್ ಮತ್ತು ಓಪನ್‌ಹೈಮರ್ ಹಾಕಿಕೊಟ್ಟ ದಾರಿ. ಆದರೆ ಆಕ್ಸಿಜನ್ನನ್ನು ತುದಿಯಲ್ಲಿ ನಿಲ್ಲಿಸಬೇಕೋ, ಎರಡು ಕಾರ್ಬನ್ ನಡುವೆ ನಿಲ್ಲಿಸಬೇಕೋ? ಎಥನಾಲ್ ಬೇಕಿದ್ದವರು ತುದಿಯಲ್ಲಿ ನಿಲ್ಲಿಸುತ್ತಾರೆ. ಅದು ಬೇಕು ಅಂತ ಅವರಿಗೆ ಹೇಳಿದ್ದು ಕೆಮಿಸ್ಟ್ರಿ. ಅಣುವಿಗೆ ಆಕಾರ ಅನ್ನುವುದು ಸಮೀಕರಣದಿಂದ ತಾನಾಗಿ ಬಂತೋ, ನಾವೇ ಕೈಯಾರೆ ಇಟ್ಟದ್ದೋ ಅಂತ ಗೈ ವುಲ್ಲಿ ಎಂಬ ಬ್ರಿಟಿಷ್ ವಿಜ್ಞಾನಿ 1970ರ ದಶಕದಲ್ಲಿ ಕೇಳಿದರು. ಆ ಚರ್ಚೆ ಇನ್ನೂ ನಡೆಯುತ್ತಲೇ ಇದೆ.

ಫಿಸಿಕ್ಸ್‌ನವರ ಉತ್ತರವನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸ. ಅವರು ಹೇಳುತ್ತಾರೆ, ಶಕ್ತಿಯ ನಕ್ಷೆ ಬರೆದರೆ ಅದು ಬೆಟ್ಟಗುಡ್ಡದ ಹಾಗೆ ಇರುತ್ತದೆ. ಎಥನಾಲ್ ಒಂದು ಕಣಿವೆ, ಈಥರ್ ಇನ್ನೊಂದು ಕಣಿವೆ. ಎರಡೂ ಅದೇ ನಕ್ಷೆಯಲ್ಲಿವೆ. ಸುತ್ತಲಿನ ಅಣುಗಳು ಸದಾ ತಾಕುತ್ತಿರುವುದರಿಂದ ಅಣು ಒಂದು ಕಣಿವೆಯಲ್ಲೇ ನೆಲೆಯಾಗಿ ನಿಲ್ಲುತ್ತದೆ. ಇದು ಒಳ್ಳೆಯ ಉತ್ತರ. ಆದರೆ ಆ ಬೆಟ್ಟಗುಡ್ಡದ ನಕ್ಷೆ ಬರೆಯೋಕೂ ನ್ಯೂಕ್ಲಿಯಸ್‌ಗಳನ್ನು ಮೊದಲು ಒಂದೊಂದು ಕಡೆ ನಿಲ್ಲಿಸಲೇಬೇಕಲ್ವಾ?

ನಮ್ಮ ಮೇಷ್ಟ್ರಿಗೆ ನಾನು ಹೇಳುತ್ತಿದ್ದದ್ದು ಭದ್ರಾ ಕಾಲುವೆಯ ಉದಾಹರಣೆ. ಕಾಲುವೆಯ ಒಂದು ಹನಿ ನೀರೂ ಗುರುತ್ವದ ನಿಯಮ ಮೀರಲ್ಲ. ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ಆದರೆ ನ್ಯೂಟನ್ನನ ಸೂತ್ರ ಹಿಡಿದುಕೊಂಡು ಕೂತರೆ, ಕಾಲುವೆಯ ಕೊನೇ ಭಾಗದ ರೈತನಿಗೆ ಈ ವಾರ ನೀರು ಬರುತ್ತೋ ಇಲ್ಲವೋ ಅಂತ ಗೊತ್ತಾಗುತ್ತಾ? ತೂಬು ಎಲ್ಲಿದೆ, ಯಾವ ತೂಬು ಯಾವತ್ತು ತೆರೆಯುತ್ತದೆ ಅಂತ ತಿಳಿಯಬೇಕು. ಅವರು ನಕ್ಕು, "ತೂಬು ತೆರೆಯೋದು ಮನುಷ್ಯರು ಕಣ್ರಿ. ನಿಮ್ಮ ಅಣುವಿನೊಳಗೆ ನೀರುಗಂಟಿ ಯಾರು?" ಅಂದರು. ಉದಾಹರಣೆ ಅಲ್ಲಿಗೆ ಕುಂಟಿತು ಅಂತ ಒಪ್ಪಿಕೊಂಡೆ. ಆದರೂ ಅದನ್ನು ಬಿಟ್ಟಿಲ್ಲ. ಫಿಸಿಕ್ಸ್ ಇಲ್ಲದೆ ಕೆಮಿಸ್ಟ್ರಿ ನಿಲ್ಲಲ್ಲ. ಹಾಗಂತ ಫಿಸಿಕ್ಸ್ ಓದಿ ಮುಗಿಸಿದರೆ ಕೆಮಿಸ್ಟ್ರಿ ಓದಿದ ಹಾಗೆ ಆಗಲ್ಲ. ಎರಡೂ ಪುಸ್ತಕ ಓದು. ಮೊದಲು ಯಾವುದು ಅಂತ ಮಾತ್ರ ನನ್ನನ್ನು ಕೇಳಬೇಡ.

"ನಾನು ವೆಲ್ಡಿಂಗ್ ಕೆಲಸ ಮಾಡುವವನು. ಮಗಳ ಪುಸ್ತಕದಲ್ಲಿ ಪರಮಾಣುಗಳ ನಡುವೆ ಗೆರೆ ಎಳೆದು ಬಂಧ ಅಂತ ಬರೆದಿದ್ದಾರೆ. ನಾನು ಹಾಕಿದ ಜೋಡಣೆ ಕಣ್ಣಿಗೆ ಕಾಣುತ್ತೆ. ಆ ಗೆರೆ ನಿಜವಾಗಲೂ ಇದೆಯಾ?"
– ಓದುಗರು, ಚಿತ್ರದುರ್ಗ

ಸ್ವಾಮಿ, ನೀವು ಕೇಳಿದ್ದನ್ನೇ ದೊಡ್ಡದೊಡ್ಡವರು ಕೇಳಿಕೊಂಡಿದ್ದಾರೆ. ಚಾರ್ಲ್ಸ್ ಕೂಲ್ಸನ್ ಎಂಬ ಬ್ರಿಟಿಷ್ ವಿಜ್ಞಾನಿ ಜೀವನವೆಲ್ಲ ಬಂಧಗಳ ಲೆಕ್ಕ ಹಾಕಿದವರು. ಅವರೇ ಒಮ್ಮೆ, ಬಂಧ ಅನ್ನುವುದು ನಿಜವಾದ ವಸ್ತುವಲ್ಲ, ಅದನ್ನು ಯಾರೂ ನೋಡಿಲ್ಲ, ನೋಡೋಕೂ ಆಗಲ್ಲ, ಅದು ನಮ್ಮ ಕಲ್ಪನೆ ಅನ್ನುವ ಅರ್ಥದ ಮಾತು ಹೇಳಿದರು. ಕ್ವಾಂಟಂ ಲೆಕ್ಕದಲ್ಲಿ ಎಲೆಕ್ಟ್ರಾನ್ ಮೋಡದಂತೆ ಇಡೀ ಅಣುವಿನ ತುಂಬ ಹರಡಿರುತ್ತದೆ. ಇಲ್ಲಿಂದ ಇಲ್ಲಿಗೆ ಒಂದು ಗೆರೆ ಅಂತ ತೋರಿಸೋಕೆ ಬರಲ್ಲ.

ಆದರೆ 2009ರಲ್ಲಿ ಜ್ಯೂರಿಕ್ ಹತ್ತಿರದ ಐಬಿಎಂ ಪ್ರಯೋಗಾಲಯದವರು ಪೆಂಟಾಸೀನ್ ಎಂಬ ಅಣುವಿನ ಚಿತ್ರ ತೆಗೆದರು. ಬೆಳಕಿನಿಂದ ತೆಗೆದದ್ದಲ್ಲ, ಅತಿ ಸಣ್ಣ ಸೂಜಿಮೊನೆಯಿಂದ ತಡವಿ ತಡವಿ ತೆಗೆದದ್ದು. ಐದು ಷಟ್ಕೋನ ಸಾಲಾಗಿ ಅಂಟಿಕೊಂಡಿವೆ, ಪುಸ್ತಕದಲ್ಲಿ ಬರೆಯುವ ಹಾಗೇ. ನಾನು ಮೊದಲ ಸಲ ನೋಡಿದಾಗ, "ಗೆರೆ ಇದೆ ಕಣ್ರಿ!" ಅಂತ ಎದ್ದು ನಿಂತಿದ್ದೆ. ನಿಜ ಹೇಳಬೇಕೆಂದರೆ ಅಲ್ಲಿ ಕಂಡದ್ದು ಎಲೆಕ್ಟ್ರಾನ್ ದಟ್ಟವಾಗಿರುವ ಜಾಗ, ಗೆರೆ ಅಲ್ಲ. ನಿಮ್ಮ ಕಸುಬಿನಲ್ಲೂ ಹಾಗೇ ಅಲ್ವಾ? ಸರಿಯಾಗಿ ಕರಗಿ ಬೆರೆತ ಜೋಡಣೆಯನ್ನು ಉಜ್ಜಿ ನಯ ಮಾಡಿದರೆ, ಒಂದು ಕಬ್ಬಿಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ತೋರಿಸೋಕೆ ಆಗಲ್ಲ. ಜೋಡಣೆ ಮಾತ್ರ ಇದೆ, ಜಗ್ಗಿದರೆ ಗೊತ್ತಾಗುತ್ತದೆ. ಬಂಧ ಮುರಿಯೋಕೆ ಎಷ್ಟು ಶಕ್ತಿ ಬೇಕು ಅಂತ ನಾವೂ ಅಳೆಯುತ್ತೇವೆ.

"ನಮ್ಮದು ಬ್ಯಾಟರಿ ಅಂಗಡಿ. ಕಾರಿನ ಬ್ಯಾಟರಿ ನಡೆಯೋದೇ ಐನ್‌ಸ್ಟೈನ್ ಸಿದ್ಧಾಂತದಿಂದ ಅಂತ ಒಬ್ಬ ಗಿರಾಕಿ ಹೇಳಿ ಹೋದ. ತಮಾಷೆ ಮಾಡಿದನಾ?"
– ಓದುಗರು, ಚಳ್ಳಕೆರೆ

ತಮಾಷೆ ಅಲ್ಲ. ಈ ಪ್ರಶ್ನೆಯಲ್ಲಿ ನಾನು ಸೋಲುತ್ತೇನೆ. ಖುಷಿಯಿಂದ ಸೋಲುತ್ತೇನೆ.

ನಿಮ್ಮ ಬ್ಯಾಟರಿಯಲ್ಲಿ ಇರುವುದು ಸೀಸ, ಸೀಸದ ಆಕ್ಸೈಡ್ ಮತ್ತು ಸಲ್ಫ್ಯೂರಿಕ್ ಆಮ್ಲ. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಮಾಡಿದ್ದು. ಒಂದು ಸೆಲ್ಲಿಗೆ ಸುಮಾರು 2.1 ವೋಲ್ಟ್, ಆರು ಸೆಲ್ ಸೇರಿ 12ಕ್ಕೆ ಸ್ವಲ್ಪ ಜಾಸ್ತಿ. ಇದು ಅಪ್ಪಟ ಕೆಮಿಸ್ಟ್ರಿ, ಇದರಲ್ಲಿ ಐನ್‌ಸ್ಟೈನ್ ಅವರ ಸಾಪೇಕ್ಷತೆ ಸಿದ್ಧಾಂತಕ್ಕೆ ಏನು ಕೆಲಸ ಅಂತ ನಾನೂ ಎಷ್ಟೋ ವರ್ಷ ಅಂದುಕೊಂಡಿದ್ದೆ.

ಸೀಸದ ನ್ಯೂಕ್ಲಿಯಸ್‌ನಲ್ಲಿ 82 ಪ್ರೋಟಾನ್ ಇವೆ. ಅಷ್ಟು ದೊಡ್ಡ ಎಳೆತಕ್ಕೆ ಸಿಕ್ಕ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಸುಮಾರು ಶೇಕಡ 60ರಷ್ಟು ವೇಗದಲ್ಲಿ ಓಡುತ್ತವೆ. ಆ ವೇಗಕ್ಕೆ ಹೋದ ಮೇಲೆ ಐನ್‌ಸ್ಟೈನ್ ಲೆಕ್ಕ ಬಿಡೋಕೆ ಆಗಲ್ಲ. ಅವು ನ್ಯೂಕ್ಲಿಯಸ್ ಹತ್ತಿರಕ್ಕೆ ಸರಿಯುತ್ತವೆ. ಹೊರಗಿನ 6ಎಸ್ ಎಲೆಕ್ಟ್ರಾನ್‌ಗಳೂ ಒಳಕ್ಕೆ ಬಿಗಿಯಾಗುತ್ತವೆ. ಸೀಸದ ಆಕ್ಸೈಡಿನಲ್ಲಿ ಸೀಸ ಕಳೆದುಕೊಂಡಿರುವುದು ಈ ಬಿಗಿಯಾದ ಎಲೆಕ್ಟ್ರಾನ್‌ಗಳನ್ನೇ. ಅದಕ್ಕೇ ವಾಪಸ್ ಪಡೆಯೋಕೆ ಅಷ್ಟು ಹಾತೊರೆಯುತ್ತದೆ. ಆ ಹಾತೊರೆತವೇ ನಿಮ್ಮ ವೋಲ್ಟ್. 2011ರಲ್ಲಿ ಸ್ವೀಡನ್ ಮತ್ತು ಫಿನ್ಲೆಂಡಿನ ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿದರು. ಆ 2.1 ವೋಲ್ಟಿನಲ್ಲಿ 1.7ರಿಂದ 1.8 ವೋಲ್ಟ್ ಸಾಪೇಕ್ಷತೆಯಿಂದ ಬಂದದ್ದು. ಅಂದರೆ ನೀವು 12 ವೋಲ್ಟಿನ ಬ್ಯಾಟರಿ ಮಾರಿದಾಗ ಅದರಲ್ಲಿ 10 ವೋಲ್ಟ್ ಐನ್‌ಸ್ಟೈನ್ ಪಾಲು! ಕೋಷ್ಟಕದಲ್ಲಿ ಸೀಸದ ನೆತ್ತಿಯ ಮೇಲೆ ಕೂತಿರುವುದು ತವರ. ಅದಕ್ಕೆ 50 ಪ್ರೋಟಾನ್, ಅಷ್ಟು ವೇಗ ಇಲ್ಲ. ಅದಕ್ಕೇ ತವರದಿಂದ ಇಂಥ ಬ್ಯಾಟರಿ ಆಗಲ್ಲ.

ಚಿನ್ನದ ಹಳದಿಗೂ, ಪಾದರಸ ದ್ರವವಾಗಿರುವುದಕ್ಕೂ ಇದೇ ಕಾರಣ. ಸಾಪೇಕ್ಷತೆ ಇರದಿದ್ದರೆ ಚಿನ್ನ ಬೆಳ್ಳಿಯ ಹಾಗೆ ಬೆಳ್ಳಗಿರುತ್ತಿತ್ತು. ಅಕ್ಷಯ ತೃತೀಯದಲ್ಲಿ ಸಾಲು ನಿಲ್ಲುವವರು ಎಷ್ಟು ಜನ ಉಳಿಯುತ್ತಿದ್ದರೋ.

ಈಗ ಒಂದು ಸೇಡು ತೀರಿಸಿಕೊಳ್ಳುತ್ತೇನೆ. ಮೇಲೆ ಹೇಳಿದೆನಲ್ಲ, ಡಿರಾಕ್ ಅವರ 1929ರ ಪ್ರಬಂಧ? ಕೆಮಿಸ್ಟ್ರಿಯ ನಿಯಮವೆಲ್ಲ ಗೊತ್ತಾಯಿತು ಅಂದ ಅದೇ ಪ್ರಬಂಧದಲ್ಲಿ, ಪರಮಾಣು ಮತ್ತು ಅಣುಗಳ ರಚನೆಗೆ, ಸಾಮಾನ್ಯ ರಾಸಾಯನಿಕ ಕ್ರಿಯೆಗಳಿಗೆ ಸಾಪೇಕ್ಷತೆ ಮುಖ್ಯವಲ್ಲ ಅಂತಲೂ ಅವರು ಬರೆದಿದ್ದಾರೆ. ಎಲೆಕ್ಟ್ರಾನಿಗೆ ಸಾಪೇಕ್ಷತೆಯ ಸಮೀಕರಣ ಬರೆದುಕೊಟ್ಟವರೇ ಅವರು! ಆ ಹೊತ್ತಿಗೆ ಊರೂರಲ್ಲಿ ಮೋಟಾರುಗಳು ಸೀಸದ ಬ್ಯಾಟರಿ ಹೊತ್ತು ಓಡಾಡುತ್ತಿದ್ದವು. ಈ ವಿಷಯ ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಬೀರುವಿನ ಬಾಗಿಲಿಗೆ ಅಂಟಿಸೋಕೆ ಆಗಲಿಲ್ಲವಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

"ರಸಾಯನಶಾಸ್ತ್ರಕ್ಕೂ ತತ್ವಶಾಸ್ತ್ರವೇ? ಕೆಲಸ ಇಲ್ಲದವರ ಕೆಲಸ ಅಲ್ವಾ?"
– ನಿವೃತ್ತ ಬ್ಯಾಂಕ್ ನೌಕರರು, ಹೊಸದುರ್ಗ

ನೀವೂ ನಿವೃತ್ತರು, ನಾನೂ ನಿವೃತ್ತ. ನಮಗಲ್ಲದೆ ಇನ್ಯಾರಿಗೆ?

ಇಪ್ಪತ್ತನೇ ಶತಮಾನದ ಬಹುಪಾಲು ವಿಜ್ಞಾನದ ತತ್ವಶಾಸ್ತ್ರ ಅಂದರೆ ಫಿಸಿಕ್ಸ್ ಬಗ್ಗೆಯೇ ಮಾತು. ಕೆಮಿಸ್ಟ್ರಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 1990ರ ದಶಕದಲ್ಲಿ ಅದಕ್ಕೇ ಅಂತ ಒಂದು ಅಂತರರಾಷ್ಟ್ರೀಯ ಸಂಘ, ಒಂದೆರಡು ಪತ್ರಿಕೆ ಶುರುವಾದವು. ಭೌತವಿಜ್ಞಾನಿ ರುದರ್‌ಫರ್ಡ್ ಹೇಳಿದರೆಂದು ಒಂದು ಮಾತು ಚಲಾವಣೆಯಲ್ಲಿದೆ, ವಿಜ್ಞಾನ ಅಂದರೆ ಫಿಸಿಕ್ಸ್, ಉಳಿದದ್ದೆಲ್ಲ ಅಂಚೆಚೀಟಿ ಸಂಗ್ರಹ ಅಂತ. 1908ರಲ್ಲಿ ಅವರಿಗೆ ನೊಬೆಲ್ ಬಂತು. ಯಾವುದರಲ್ಲಿ? ಕೆಮಿಸ್ಟ್ರಿಯಲ್ಲಿ.

"ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುತ್ತೆ, ಕ್ಲೋರಿನ್ ವಿಷದ ಗಾಳಿ ಅಂತ ಮಗ ಓದುತ್ತಿದ್ದ. ಉಪ್ಪಿನಲ್ಲಿ ಎರಡೂ ಇವೆಯಂತೆ. ನಾನು ದಿನಾ ಸಾರಿಗೆ ಹಾಕ್ತೀನಲ್ಲ, ಯಾಕೆ ಏನೂ ಆಗಲ್ಲ?"
– ಗೃಹಿಣಿ, ದಾವಣಗೆರೆ

ತಾಯಿ, "ಇದೆ" ಅನ್ನುವ ಪದದಲ್ಲೇ ತೊಡಕು ಇರುವುದು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಬೆಳ್ಳಗಿನ ಮೆತ್ತನೆ ಲೋಹವನ್ನೂ ಸೋಡಿಯಂ ಅನ್ನುತ್ತೇವೆ. ಉಪ್ಪಿನಲ್ಲಿರುವುದನ್ನೂ ಸೋಡಿಯಂ ಅನ್ನುತ್ತೇವೆ. ಹೆಸರು ಒಂದೇ, ಅರ್ಥ ಎರಡು. ಮೊದಲನೆಯದು ಕೈಯಲ್ಲಿ ಹಿಡಿಯಬಹುದಾದ ವಸ್ತು (ದಯವಿಟ್ಟು ಹಿಡಿಯಬೇಡಿ). ಎರಡನೆಯದು ಎಷ್ಟು ಸಲ ವೇಷ ಬದಲಾಯಿಸಿದರೂ ಕಳೆದುಹೋಗದೆ ಉಳಿಯುವ ಏನೋ ಒಂದು. ಫ್ರೀಡ್ರಿಖ್ ಪನೆಟ್ ಎಂಬ ರಸಾಯನವಿಜ್ಞಾನಿ 1931ರಲ್ಲಿ ಈ ಎರಡನ್ನೂ ಬಿಡಿಸಿ ಹೇಳಿದರು. ಮೆಂಡಲೀವ್ ಕೂಡ ಅದನ್ನೇ ಅನ್ನುತ್ತಿದ್ದರು. ಇದ್ದಿಲು, ವಜ್ರ ಬೇರೆ ಬೇರೆ, ಆದರೆ ಕಾರ್ಬನ್ ಅನ್ನುವುದು ಇವೆರಡೂ ಅಲ್ಲ, ಎರಡರಲ್ಲೂ ಇರುವಂಥದ್ದು. ಕೋಷ್ಟಕದ ಮನೆಯಲ್ಲಿ ಕೂತಿರುವುದು ಅದು.

ಸಿಡಿಯದಿರುವ ಕಾರಣ ಸುಲಭ. ಉಪ್ಪಾಗುವಾಗ ಸೋಡಿಯಂ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಟ್ಟಿದೆ. ನೀರಿನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದದ್ದು ಆ ಎಲೆಕ್ಟ್ರಾನ್‌ನಿಂದಾಗಿಯೇ. ಈಗ ಕೊಡೋಕೂ ಏನಿಲ್ಲ, ತಗೊಳ್ಳೋಕೂ ಏನಿಲ್ಲ. ಸಾರಿಗೆ ಧೈರ್ಯವಾಗಿ ಹಾಕಿ. ಬಿಪಿ ಇದ್ದರೆ ಕಡಿಮೆ ಹಾಕಿ.

"ಎಂಟನೇ ತರಗತಿಯ ಪರೀಕ್ಷೆಗೆ ಒಂದು ಪ್ರಶ್ನೆ ಹಾಕಬೇಕೆಂದಿದ್ದೇನೆ. ಅಕ್ಕಿ ಮಂಡಕ್ಕಿ ಆಗುವುದು ಭೌತ ಬದಲಾವಣೆಯೋ, ರಾಸಾಯನಿಕ ಬದಲಾವಣೆಯೋ? ಸ್ಟಾಫ್ ರೂಮಿನಲ್ಲಿ ಎರಡು ಪಕ್ಷ ಆಗಿದೆ. ಸರಿ ಉತ್ತರ ಯಾವುದು?"
– ಪ್ರೌಢಶಾಲಾ ಶಿಕ್ಷಕರು, ಜಗಳೂರು

ಈ ಪ್ರಶ್ನೆ ನೋಡಿ ಎದೆ ಧಸಕ್ ಅಂತು ಮೇಷ್ಟ್ರೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಪ್ರಶ್ನೆಯನ್ನು ನಾನೂ ಒಂದು ಕಿರುಪರೀಕ್ಷೆಯಲ್ಲಿ ಹಾಕಿದ್ದೆ. ಒಂದು ಮಾರ್ಕು. ನನ್ನ ಪ್ರಕಾರ ಉತ್ತರ "ಭೌತ ಬದಲಾವಣೆ". ಒಬ್ಬ ಹುಡುಗ ಹೀಗೆ ಬರೆದಿದ್ದ. "ಎರಡೂ ಸಾರ್. ನೀರು ಆವಿಯಾಗಿ ಹೋಗೋದು ಭೌತ. ಆದರೆ ಮಂಡಕ್ಕಿ ಮತ್ತೆ ಅಕ್ಕಿ ಆಗಲ್ಲ. ಜಾಸ್ತಿ ಹೊತ್ತು ಬಿಟ್ಟರೆ ಕೆಂಪಾಗುತ್ತೆ, ವಾಸನೆ ಬೇರೆ ಬರುತ್ತೆ." ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಪಕ್ಕದಲ್ಲಿ "ಒಂದನ್ನು ಆರಿಸು" ಅಂತ ಬೇರೆ ಬರೆದೆ.

ಅವನದು ಮಂಡಕ್ಕಿ ಭಟ್ಟಿ ಮನೆ. ಮಾರನೇ ದಿನ ಬಂದು, "ಸಾರ್, ಒಂದ್ಸಲ ನಮ್ ಭಟ್ಟಿಗೆ ಬನ್ನಿ" ಅಂದ. ಸಿಟ್ಟಿಲ್ಲ, ಏನಿಲ್ಲ. ಹೋದೆ.

ದಾವಣಗೆರೆಯಲ್ಲಿದ್ದು ದಿನಾ ಮಂಡಕ್ಕಿ ತಿಂದಿದ್ದೇನೆ. ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಜೊತೆಗೆ ಮಿರ್ಚಿ. ಆದರೆ ಭಟ್ಟಿಯ ಒಳಗೆ ಹೋದದ್ದು ಅವತ್ತೇ ಮೊದಲು. ಕತ್ತಲೆ. ಹೊಗೆಯಿಂದ ಕಪ್ಪಾದ ತಗಡಿನ ಮಾಡು. ಒಲೆಯ ಮೇಲೆ ಅಗಲವಾದ ಬಾಣಲೆ, ಅದರ ತುಂಬ ಕಾದ ಕಪ್ಪು ಮರಳು. ಹುಡುಗನ ಅಪ್ಪ ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಒಂದು ಬೊಗಸೆ ಮರಳಿಗೆ ಎಸೆದರು. ಒಂದೆರಡು ಸಲ ಕೈಯಾಡಿಸಿದರು ಅಷ್ಟೇ. ಚಟಪಟ ಅಂತ ಶಬ್ದ, ಕಣ್ಣೆದುರಿಗೇ ಮರಳಿನ ಮೇಲೆ ಬೆಳ್ಳಗೆ ಉಕ್ಕಿ ಬಂತು. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಇಷ್ಟಕ್ಕೂ ನಾನು ಕನ್ನಡಕ ಒರೆಸಿಕೊಳ್ಳುವಷ್ಟು ಹೊತ್ತು ಹಿಡಿಯಲಿಲ್ಲ.

ಒಳಗೆ ಆದದ್ದು ಏನು? ಮರಳು 200 ಡಿಗ್ರಿಗಿಂತ ಜಾಸ್ತಿ ಕಾದಿರುತ್ತದೆ. ಕಾಳಿನೊಳಗೆ ಸ್ವಲ್ಪ ನೀರು ಉಳಿದಿರುತ್ತದೆ. ಅದು ಒಮ್ಮೆಲೇ ಆವಿಯಾಗುತ್ತದೆ, ಹೊರಗೆ ಹೋಗೋಕೆ ದಾರಿ ಇಲ್ಲ. ಅಷ್ಟರಲ್ಲಿ ಬಿಸಿಗೆ ಪಿಷ್ಟ ರಬ್ಬರಿನಂತೆ ಮೆತ್ತಗಾಗಿರುತ್ತದೆ. ಆವಿ ಅದನ್ನು ಬಲೂನಿನಂತೆ ಊದಿಸುತ್ತದೆ. ನೀರು ಹೋದ ಮೇಲೆ ಗೋಡೆಗಳು ಊದಿದ ಹಾಗೇ ಗಟ್ಟಿಯಾಗುತ್ತವೆ. ಇಲ್ಲಿಯವರೆಗೆ ಭೌತ ಪಕ್ಷ ಗೆದ್ದ ಹಾಗೆ.

ಆದರೆ ಭತ್ತವನ್ನು ಮೊದಲೇ ನೆನೆಸಿ ಬೇಯಿಸಿರುತ್ತಾರೆ. ಆಗ ಪಿಷ್ಟದ ಸರಪಳಿಗಳು ಒಂದನ್ನೊಂದು ಹಿಡಿದುಕೊಂಡಿದ್ದ ಹೈಡ್ರೋಜನ್ ಬಂಧಗಳೆಂಬ ಸಡಿಲ ಹಿಡಿತಗಳು ಬಿಚ್ಚಿಕೊಂಡಿರುತ್ತವೆ. ಬಂಧ ಬಿಚ್ಚಿತಲ್ಲ, ಇದು ರಾಸಾಯನಿಕ ತಾನೇ? ಹಾಗಂದರೆ ಮಂಜುಗಡ್ಡೆ ಕರಗುವಾಗಲೂ ಹೈಡ್ರೋಜನ್ ಬಂಧಗಳು ಬಿಚ್ಚಿಕೊಳ್ಳುತ್ತವೆ. ಅದನ್ನು ಮಾತ್ರ ಎಲ್ಲ ಪುಸ್ತಕಗಳೂ ಭೌತ ಬದಲಾವಣೆ ಅನ್ನುತ್ತವೆ. ಉಪ್ಪು ನೀರಿನಲ್ಲಿ ಕರಗುವುದನ್ನೂ ಭೌತ ಅನ್ನುತ್ತೇವೆ. ಅಲ್ಲಿ ಸೋಡಿಯಂ, ಕ್ಲೋರಿನ್ ಅಯಾನುಗಳ (ವಿದ್ಯುದಂಶ ಹೊತ್ತ ಪರಮಾಣುಗಳ) ಹಿಡಿತ ಪೂರ್ತಿ ಬಿಟ್ಟುಹೋಗುತ್ತದೆ. ವಾಪಸ್ ಬರುತ್ತದೆ, ಹಾಗಾಗಿ ಭೌತ ಅನ್ನೋಣವೇ? ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ತಗೊಳ್ಳಿ. ನೀಲಿ ಹರಳನ್ನು ಕಾಯಿಸಿದರೆ ಪ್ರತಿ ತಾಮ್ರದ ಸಲ್ಫೇಟಿನ ಜೊತೆಗಿದ್ದ ಐದು ನೀರಿನ ಅಣು ಹೊರಟುಹೋಗಿ ಬೆಳ್ಳಗಾಗುತ್ತದೆ. ಒಂದು ಹನಿ ನೀರು ಹಾಕಿ, ಮತ್ತೆ ನೀಲಿ. ಇಷ್ಟು ಸುಲಭವಾಗಿ ವಾಪಸ್ ಬಂದರೂ ಅದನ್ನು ರಾಸಾಯನಿಕ ಬದಲಾವಣೆ ಅಂತಲೇ ಕಲಿಸುತ್ತೇವೆ. ಒಡೆದ ಗಾಜಿನ ಲೋಟ ವಾಪಸ್ ಬರಲ್ಲ, ಅದು ಭೌತ!

ಇನ್ನು ಹುಡುಗ ಹೇಳಿದ ಕೆಂಪು ಬಣ್ಣ. ಅದರಲ್ಲಿ ಅನುಮಾನವೇ ಇಲ್ಲ. ಸಕ್ಕರೆಯಂಥ ಅಣುಗಳೂ ಪ್ರೋಟೀನಿನ ತುಣುಕುಗಳೂ ಸೇರಿ ಹೊಸ ಅಣುಗಳಾಗುವ ಕ್ರಿಯೆ. ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ವಿವರಿಸಿದ್ದು. ನಮ್ಮ ಬೆಣ್ಣೆ ದೋಸೆಯ ಕೆಂಪು ಗರಿಯೂ ಬಹುಪಾಲು ಇದೇ. ದೋಸೆಯ ಮೇಲ್ಮೈಯಲ್ಲಿ ನೀರು ಇರುವವರೆಗೆ ಬಿಸಿ 100ರ ಆಸುಪಾಸಿನಲ್ಲೇ ನಿಂತಿರುತ್ತದೆ, ಕೆಂಪಾಗಲ್ಲ. ನೀರು ಹೋದ ಮೇಲೆ 140 ದಾಟುತ್ತದೆ, ಆಗ ಬಣ್ಣ, ಆಗ ಘಮ. ಭೌತ ಮುಗಿದ ಮೇಲೆ ರಾಸಾಯನಿಕ ಅನ್ನೋಣ ಅಂದರೆ, ಅತ್ತ ಹಿಟ್ಟಿನಲ್ಲಿ ರಾತ್ರಿಯಿಡೀ ಹುಳಿ ಬಂದಿರುತ್ತದೆ. ಅದು ಯಾವ ಪಕ್ಷ?

ನನಗೆ ಅನ್ನಿಸುವುದು ಇಷ್ಟು. ಭೌತ, ರಾಸಾಯನಿಕ ಅನ್ನುವ ಆ ಎರಡು ಕಾಲಂ ನಾವು ಪಾಠಕ್ಕೆ ಮಾಡಿಕೊಂಡದ್ದು. ಬಾಣಲೆಯಲ್ಲಿ ಕಾಲಂ ಇರಲಿಲ್ಲ. ಆವಿ ಎಷ್ಟು ಒತ್ತಡ ಹಾಕುತ್ತದೆ ಅಂತ ಕೇಳಿದರೆ ಅದು ಫಿಸಿಕ್ಸ್ ಪ್ರಶ್ನೆ. ಯಾವ ವಸ್ತು ಯಾವುದಾಯಿತು ಅಂತ ಕೇಳಿದರೆ ಅದು ಕೆಮಿಸ್ಟ್ರಿ ಪ್ರಶ್ನೆ. ಎರಡೂ ಪ್ರಶ್ನೆ ಅದೇ ಕಾಳಿನ ಬಗ್ಗೆ. ಹುಡುಗ ಕೇಳಿದ್ದು ಎರಡನ್ನೂ, ನಾನು ಕೇಳಿದ್ದು ಒಂದನ್ನು ಮಾತ್ರ.

ಭಟ್ಟಿಯಿಂದ ಬರುವಾಗ ಅವರಪ್ಪ ಒಂದು ದೊಡ್ಡ ಚೀಲದ ತುಂಬ ಬಿಸಿ ಮಂಡಕ್ಕಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಅಷ್ಟು ದೊಡ್ಡ ಚೀಲ, ಎತ್ತಿದರೆ ಭಾರವೇ ಇಲ್ಲ. ಮಾರ್ಕು ತಿದ್ದೋಣ ಅಂತ ಹೋದರೆ ಪಟ್ಟಿ ಆಗಲೇ ಆಫೀಸಿಗೆ ಹೋಗಿತ್ತು. ಒಂದು ಮಾರ್ಕಿಗಾಗಿ ಅದನ್ನು ಮತ್ತೆ ತರಿಸುವ ಧೈರ್ಯ ಆಗ ನನಗಿರಲಿಲ್ಲ. ಹುಡುಗನಿಗೆ ಹೇಳಿದೆ, ನಿನ್ನ ಉತ್ತರ ಸರಿ ಇತ್ತು ಅಂತ. "ಗೊತ್ತು ಸಾರ್" ಅಂದ.

ನೀವು ಪ್ರಶ್ನೆ ಹಾಕಿ. ಆದರೆ ಕೊನೆಯಲ್ಲಿ "ಕಾರಣ ಕೊಡಿ" ಅಂತ ಸೇರಿಸಿ, ಎರಡು ಮಾರ್ಕು ಇಡಿ. ಕಾರಣ ಸರಿ ಇದ್ದರೆ ಯಾವ ಪಕ್ಷದವರಿಗಾದರೂ ಪೂರ್ತಿ ಕೊಡಿ. ಪಟ್ಟಿಯನ್ನು ಎರಡು ದಿನ ತಡವಾಗಿ ಕಳಿಸಿ.